ಮುಯ್ಯಿಯ ಪಟ್ಟಿ ಮತ್ತು ರಕ್ತದ ಹನಿ

ಇಂಥ ವಿಜ್ಞಾನಿಯ ಲೇಖನಗಳು ಇಷ್ಟು ಸಾವಿರ ಸಲ ಉಲ್ಲೇಖಗೊಂಡಿವೆಯೆಂಬ ಮಾತನ್ನು ತಾವು ಓದಿರಬಹುದು, ಕೇಳಿಯೂ ಇರಬಹುದು. ಎಕರೆಗೆ ಎಷ್ಟು ಮೂಟೆ ರಾಗಿ ಬಂತೆಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಉಲ್ಲೇಖದ ಲೆಕ್ಕ ಯಾವ ಬೆಳೆಯ ಅಳತೆ? ನಮ್ಮ ನೆರೆಯದೇ ಒಂದು ನಿದರ್ಶನದಿಂದ ಇದನ್ನು ವಿಚಾರಿಸೋಣ.

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ಹಾದು ಘಟ್ಟ ಹತ್ತಿದರೆ ನೀಲಗಿರಿ. ಅಲ್ಲಿಯ ಗುಡ್ಡಗಾಡು ಜನರ ರಕ್ತವನ್ನು ಪರೀಕ್ಷಿಸಿ, ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ಎಂಬಿಬ್ಬರು 1952ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಒಂದು ಚಿಕ್ಕ ಲೇಖನವನ್ನು ಪ್ರಕಟಿಸಿದರು. ಲೇಮನ್ 1910ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ನಾಟ್ಸಿಗಳ ಕಾಲದಲ್ಲಿ ಇಂಗ್ಲೆಂಡನ್ನು ಸೇರಿದವರು. 1967ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದಲ್ಲಿ ಕ್ಲಿನಿಕಲ್ ಬಯೋಕೆಮಿಸ್ಟ್ರಿಯ ಪ್ರಾಧ್ಯಾಪಕರಾದರು. ರೋಗಿಯ ರಕ್ತ, ಮೂತ್ರಗಳಲ್ಲಿರುವ ರಾಸಾಯನಿಕಗಳನ್ನು ಅಳೆದು ರೋಗವನ್ನು ಗುರುತಿಸುವ ಶಾಸ್ತ್ರವೇ ಅದು.

ಅವರು ನೀಲಗಿರಿಯಲ್ಲಿ ಕಂಡದ್ದೇನು? ಕುಡುಗೋಲು ಕಣದ ಲಕ್ಷಣ. ರಕ್ತದ ಹಿಮೋಗ್ಲೋಬಿನ್ನಿನಲ್ಲಿ ಹುಟ್ಟಿನಿಂದಲೇ ಬರುವ ಒಂದು ಸಣ್ಣ ವ್ಯತ್ಯಾಸದಿಂದ, ಆಮ್ಲಜನಕ ಕಡಿಮೆಯಾದಾಗ ದುಂಡನೆಯ ಕೆಂಪುಕಣ ಕುಡುಗೋಲಿನಂತೆ ಬಾಗುತ್ತದೆ. ಕಿರಿಯ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತೀವ್ರವಾದ ನೋವನ್ನೂ ರಕ್ತಹೀನತೆಯನ್ನೂ ತರುತ್ತದೆ. ಇದು ಬಹುಮಟ್ಟಿಗೆ ಆಫ್ರಿಕಾ ಮೂಲದವರ ರೋಗವೆಂದು ಆಗ ವೈದ್ಯರು ಎಣಿಸಿದ್ದರು. ನಮ್ಮ ದೇಶದಲ್ಲಿಯೂ ಇದು ಉಂಟೆಂದು ನೀಲಗಿರಿಯ ಲೇಖನವೂ, ಅದೇ ವರ್ಷ ಅಸ್ಸಾಮಿನ ಚಹಾ ತೋಟದ ಕೂಲಿಗಾರರ ಬಗೆಗೆ ಬಂದ ಇನ್ನೊಂದು ವರದಿಯೂ ತೋರಿಸಿಕೊಟ್ಟವು. ಭಾರತದಲ್ಲಿ ಈ ರೋಗದ ಚರಿತ್ರೆಯನ್ನು ಬರೆಯುವವರು ಇಂದಿಗೂ ಆ ಹಳೆಯ ಲೇಖನವನ್ನು ಹೆಸರಿಸುತ್ತಾರೆ.

ಹೀಗೆ ಹೆಸರಿಸುವುದೇ ಉಲ್ಲೇಖ. ಮದುವೆ ಮನೆಯಲ್ಲಿ ಮುಯ್ಯಿ ಬರೆಯುವ ಪುಸ್ತಕವನ್ನು ನೆನೆಯಿರಿ. ಯಾರು ಏನು ಕೊಟ್ಟರೆಂದು ಅದರಲ್ಲಿ ದಾಖಲಾಗುತ್ತದೆ. ವಿಜ್ಞಾನಿಯೂ ತನ್ನ ಲೇಖನದ ಕೊನೆಯಲ್ಲಿ, ಯಾರ ಕೆಲಸವನ್ನು ಆಧರಿಸಿ ಮುಂದೆ ಸಾಗಿದನೆಂದು ಬರೆದಿಡುತ್ತಾನೆ. ಎಲ್ಲ ಮನೆಗಳ ಪುಸ್ತಕಗಳನ್ನೂ ಒಟ್ಟುಗೂಡಿಸಿ, ಕೊಟ್ಟವರ ಹೆಸರಿನಡಿ ಸೂಚಿ ಮಾಡಿದರೆ ಹೇಗಿದ್ದೀತು? ವಿಜ್ಞಾನದಲ್ಲಿ ಇದೇ ಯೋಜನೆಯನ್ನು ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ 1955ರಲ್ಲಿ ಸೂಚಿಸಿ, 1964ರಲ್ಲಿ ವಿಜ್ಞಾನದ ಉಲ್ಲೇಖ ಸೂಚಿಯನ್ನು ಹೊರತಂದರು. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಇನ್ನೊಂದು ಅಳತೆಯನ್ನು ಕೊಟ್ಟರು: ಒಬ್ಬರ 20 ಲೇಖನಗಳು ತಲಾ 20 ಸಲವಾದರೂ ಉಲ್ಲೇಖಗೊಂಡಿದ್ದು, ಅದಕ್ಕಿಂತ ಮೇಲಿನ ಸಂಖ್ಯೆಗೆ ಹಾಗಾಗದಿದ್ದರೆ, ಅವರ ಅಂಕ 20. ಒಂದೇ ಲೇಖನ ಬರೆದು ಅದು ಹತ್ತು ಸಾವಿರ ಸಲ ಉಲ್ಲೇಖಗೊಂಡರೂ ಈ ಅಂಕ ಒಂದೇ!

ಲೆಕ್ಕವೇನೋ ಉಪಯುಕ್ತ. ಆದರೆ ಅದು ಅಳೆಯುವುದು ಬಳಕೆಯನ್ನು, ಬೆಲೆಯನ್ನಲ್ಲ. ಪ್ರೋಟೀನನ್ನು ಅಳೆಯುವ ವಿಧಾನವೊಂದನ್ನು ಲೌರಿ ಮತ್ತು ಅವರ ಸಂಗಡಿಗರು 1951ರಲ್ಲಿ ಪ್ರಕಟಿಸಿದರು. ಅದು 3 ಲಕ್ಷಕ್ಕೂ ಮೀರಿ ಉಲ್ಲೇಖಗೊಂಡಿದೆ. ಡಿ.ಎನ್.ಎ. ರಚನೆಯನ್ನು ತಿಳಿಸಿದ ವಾಟ್ಸನ್ ಮತ್ತು ಕ್ರಿಕ್‌ರ 1953ರ ಲೇಖನವಾದರೋ, 2014ರಲ್ಲಿ ‘ನೇಚರ್’ ಪ್ರಕಟಿಸಿದ ಮೊದಲ ನೂರರ ಪಟ್ಟಿಯಲ್ಲಿ ಸೇರಲಿಲ್ಲ. ಎಲ್ಲರಿಗೂ ತಿಳಿದ ಮಾತಿಗೆ ಹೇಳಿದವರ ಹೆಸರನ್ನು ಯಾರೂ ಬರೆಯುವುದಿಲ್ಲವಷ್ಟೆ!

ಮುಯ್ಯಿಯ ಪಟ್ಟಿಯಲ್ಲಿ ಚಪ್ಪರ ಹಾಕಿದವರ, ನೀರು ಹೊತ್ತವರ ಹೆಸರಿರುವುದಿಲ್ಲ. ಹಾಗೆಯೇ ಸೋಲಿಗರ ಪೋಡಿಗೆ, ಜೇನುಕುರುಬರ ಹಾಡಿಗೆ ಹೋಗಿ ಮಗುವಿನ ಬೆರಳಿನಿಂದ ರಕ್ತದ ಹನಿ ತೆಗೆದು ಪರೀಕ್ಷಿಸುವ ಕೆಲಸಕ್ಕೆ ಯಾವ ಸೂಚಿಯಲ್ಲಿಯೂ ಅಂಕವಿಲ್ಲ. ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದವರೆಗಿನ 7 ಕೋಟಿ ಜನರನ್ನು ಪರೀಕ್ಷಿಸುವ ಗುರಿಯಿಟ್ಟು ರಾಷ್ಟ್ರೀಯ ಅಭಿಯಾನವೊಂದು 2023ರ ಜುಲೈ 1ರಂದು ಆರಂಭವಾಯಿತು. ನೀಲಗಿರಿಯ ಚಿಕ್ಕ ಲೇಖನದ ನಿಜವಾದ ಫಲ ದೊರೆಯಬೇಕಾದದ್ದು ಇಂಥ ಕಡೆಯಲ್ಲಿ.

ಈ ಫಲವನ್ನು ನಾವು ಕೆಡಿಸಲೂಬಲ್ಲೆವು. ತಂದೆ ಅಥವಾ ತಾಯಿ, ಒಬ್ಬರಿಂದ ಮಾತ್ರ ಈ ಲಕ್ಷಣ ಪಡೆದವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಗಂಡ ಹೆಂಡತಿ ಇಬ್ಬರಲ್ಲಿಯೂ ಲಕ್ಷಣವಿದ್ದರೆ, ಪ್ರತಿ ಬಸಿರಿನಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಆದುದರಿಂದ ಮದುವೆಗೆ ಮುಂಚೆ ಇಬ್ಬರ ರಕ್ತವನ್ನೂ ಪರೀಕ್ಷಿಸಿ, ವೈದ್ಯರ ಸಲಹೆ ಪಡೆಯುವುದು ವಿವೇಕ. ಪರೀಕ್ಷೆಯ ಚೀಟಿಯನ್ನು ಕಂಡು ಹೆಣ್ಣನ್ನು ಹಳಿಯುವುದು, ಒಂದು ಜನಾಂಗವನ್ನೇ ಕೀಳೆಣಿಸುವುದು ಅವಿವೇಕ. ಲಕ್ಷಣ ಗಂಡಿನಿಂದಲೂ ಬರುತ್ತದೆ, ಹೆಣ್ಣಿನಿಂದಲೂ ಬರುತ್ತದೆ. ಅದು ಯಾರ ತಪ್ಪೂ ಅಲ್ಲ.

ಇನ್ನು ಮುಂದೆ ಯಾರಾದರೊಬ್ಬ ಸಂಶೋಧಕರ ಉಲ್ಲೇಖಗಳ ಸಂಖ್ಯೆ ಕಿವಿಗೆ ಬಿದ್ದರೆ, ಮೆಚ್ಚಿರಿ. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿರಿ: ಆ ತಿಳಿವು ಯಾರ ಮನೆಯ ಬಾಗಿಲವರೆಗೆ ಬಂತು?