ಚೀಲ ತುಂಬುವ ಯಂತ್ರ: ನಮಗೆ ಎಷ್ಟು ಬೇಕು?

ಈ ಸಲದ ಸರ್ವಸಾಧಾರಣ ಸಭೆಯಲ್ಲಿ ಸದಸ್ಯರೊಬ್ಬರು ಎದ್ದು, "ಹಮಾಲಿಗೆ ಜನ ಸಿಗುವುದಿಲ್ಲ, ಇದ್ದವರಿಗೂ ಸೊಂಟನೋವು. ಸಿಮೆಂಟ್ ಕಾರ್ಖಾನೆಯವರ ಹಾಗೆ ಸಂಘವೂ ಚೀಲ ತುಂಬುವ ಯಂತ್ರ ತರಬಾರದೇಕೆ?" ಎಂದು ಕೇಳಿದರು. ಊಟದ ಹೊತ್ತಾಗಿತ್ತು. ಉತ್ತರವನ್ನು ಪತ್ರಿಕೆಯಲ್ಲಿ ಬರೆಯುತ್ತೇವೆಂದು ಮಾತು ಕೊಟ್ಟೆವು. ಪ್ರಶ್ನೆ ಸರಿಯಾದುದೇ. ಆದರೆ "ಯಂತ್ರ" ಎಂಬ ಒಂದೇ ಮಾತಿನಲ್ಲಿ ನಾಲ್ಕಾರು ಯಂತ್ರಗಳು ಅಡಗಿವೆ.

ಹಳಿಯಾಳ, ಮುಂಡಗೋಡ ಕಡೆಯ ಭತ್ತದ ಗಿರಣಿ ನೋಡಿದವರಿಗೆ ಅರ್ಧ ಭಾಗ ಗೊತ್ತಿದೆ. ನೆಲದ ಗುಂಡಿಗೆ ಸುರಿದ ಭತ್ತವನ್ನು ಪಟ್ಟಿಗೆ ಕಟ್ಟಿದ ಸಣ್ಣ ಸಣ್ಣ ಡಬ್ಬಿಗಳು ಮೊಗೆದು ಮೇಲಕ್ಕೆ ಒಯ್ಯುತ್ತವೆ. ಇದೇ ಎಲಿವೇಟರ್. ದಾಂಡೇಲಿಯ ಕಾಗದ ಕಾರ್ಖಾನೆಯಂಥಲ್ಲಿ ಮರದ ಚಕ್ಕೆ ಸಾಗುವುದು ಅಗಲವಾದ ರಬ್ಬರ್ ಬೆಲ್ಟಿನ ಮೇಲೆ. ಹೀಗೆ ಮೇಲೇರಿದ ಮಾಲು ಹಾಪರ್ ಎಂಬ ದೊಡ್ಡ ಆಲಿಕೆಯಲ್ಲಿ ನಿಂತು, ಕೆಳಗಿನ ತೂಕದ ಪೆಟ್ಟಿಗೆಗೆ ಇಳಿಯುತ್ತದೆ. ಅಲ್ಲಿಂದ ಚೀಲ, ಹೊಲಿಗೆ, ಲಾರಿಗೆ ಏರಿಸುವ ಬೆಲ್ಟು.

ಇವುಗಳಲ್ಲಿ ಜಾಣತನವಿರುವುದು ತೂಕದ ಪೆಟ್ಟಿಗೆಯಲ್ಲಿ. 50 ಕಿಲೋ ತುಂಬಬೇಕೆಂದರೆ ಅದು ಒಂದೇ ವೇಗದಲ್ಲಿ ಸುರಿಯುವುದಿಲ್ಲ. ಮೊದಲು ಬಾಗಿಲನ್ನು ಪೂರ್ತಿ ತೆರೆದು ಹೆಚ್ಚಿನ ಪಾಲನ್ನು ಇಳಿಸುತ್ತದೆ. ಬಳಿಕ ಬಾಗಿಲು ಕಿರಿದಾಗಿ, ನಮ್ಮ ಹೆಂಗಸರು ಸೇರಿನ ಕೊನೆಗೆ ಚಿಟಿಕೆ ಚಿಟಿಕೆಯಾಗಿ ಅಕ್ಕಿ ಹಾಕುವಂತೆ ಉಳಿದುದನ್ನು ಸಣ್ಣ ಧಾರೆಯಲ್ಲಿ ಬಿಡುತ್ತದೆ. ಬಾಗಿಲು ಮುಚ್ಚಿದ ಕ್ಷಣದಲ್ಲೂ ಒಂದಷ್ಟು ಮಾಲು ಗಾಳಿಯಲ್ಲಿ ಬೀಳುತ್ತಲೇ ಇರುತ್ತದೆಯಲ್ಲ, ಅದನ್ನೂ ಲೆಕ್ಕ ಹಿಡಿದು ತುಸು ಮುಂಚೆಯೇ ಮುಚ್ಚುವಂತೆ ಯಂತ್ರವನ್ನು ಹೊಂದಿಸಿರುತ್ತಾರೆ. ಈ ಸೂಕ್ಷ್ಮಕ್ಕೆ ಬೆಲೆಯಿದೆ. ಅವಸರದಲ್ಲಿ ಕೈಯಿಂದ ತುಂಬುವಾಗ ಚೀಲಕ್ಕೆ 200 ಗ್ರಾಂ ಹೆಚ್ಚು ಹೋದರೂ 1,000 ಚೀಲಕ್ಕೆ 2 ಕ್ವಿಂಟಾಲ್ ಆಯಿತು. ಅದು ಯಾರದೋ ತೋಟದ ಬೆಳೆ.

ಆದರೆ ಗಾಳಿಯಲ್ಲಿರುವ ಮಾಲಿನ ಲೆಕ್ಕ ಸರಿಯಾಗಬೇಕಾದರೆ ಧಾರೆ ಪ್ರತಿ ಸಲವೂ ಒಂದೇ ತೆರನಾಗಿ ಬರಬೇಕು. ಸಿಮೆಂಟು, ಸಕ್ಕರೆ ಹಾಗೆ ಬರುತ್ತವೆ. ಒಣಗಿದ ಪಾರ್ಚ್‌ಮೆಂಟ್ ಕಾಫಿ, ಕಾಳುಮೆಣಸು ಕೂಡ ಬಹುಮಟ್ಟಿಗೆ ಸರಾಗ. ಗುಂಡಗಿನ ಚಾಲಿ ಉರುಳುತ್ತದೆ. ತಟ್ಟಿಬೆಟ್ಟೆಯಂಥ ಚಪ್ಪಟೆ ಹೋಳುಗಳು ಮಾತ್ರ ಒಂದಕ್ಕೊಂದು ಸಿಕ್ಕಿಕೊಂಡು ಆಲಿಕೆಯ ಕತ್ತಿನಲ್ಲಿ ಕಮಾನು ಕಟ್ಟಿ ನಿಲ್ಲುತ್ತವೆ. ಮೇಲೆ ರಾಶಿ ಇದ್ದರೂ ಕೆಳಗೆ ಒಂದು ಹೋಳೂ ಬೀಳದು. ಆಮೇಲೆ ಒಬ್ಬ ಆಳು ಕೋಲು ಹಿಡಿದು ತಿವಿಯುತ್ತ ನಿಲ್ಲಬೇಕು. ಜೋಯಿಡಾದ ಮಳೆಗಾಲದ ಹವೆಯಲ್ಲಿ ಮಾಲು ತುಸು ತಣಿದರಂತೂ ಕೇಳುವುದೇ ಬೇಡ. ಆದ್ದರಿಂದ ಹಾಪರಿನ ಇಳಿಜಾರು ಕಡಿದಾಗಿರಬೇಕು, ಬಾಯಿ ಅಗಲವಾಗಿರಬೇಕು. ಎಲ್ಲಕ್ಕಿಂತ ಮೊದಲು, ಅಂಗಳದಲ್ಲಿ ಒಣಗಿಸುವ ಕೆಲಸ ಸರಿಯಾಗಿರಬೇಕು. ಹಸಿ ಮಾಲನ್ನು ಒಣಗಿಸಿಕೊಡುವ ಚೀಲದ ಯಂತ್ರ ಇನ್ನೂ ಬಂದಿಲ್ಲ.

ಇಷ್ಟೂ ತೊಡಕು ಪರಿಹಾರವಾಗಬಹುದಾದ ತೊಡಕೇ. ನಿಜವಾದ ಅಡ್ಡಿ ಬೇರೆಡೆ ಇದೆ. ಈ ಯಂತ್ರಸಾಲು ಕಟ್ಟಿದ್ದು ಒಬ್ಬನೇ ಒಡೆಯನ ಒಂದೇ ಬಗೆಯ ಮಾಲಿಗಾಗಿ. ನಮ್ಮ ವಖಾರಿಯಲ್ಲಿರುವುದು ಹತ್ತಾರು ಮನೆಗಳ ಮಾಲು. ಒಬ್ಬರದು ನಾಲ್ಕು ಚೀಲ ರಾಶಿ, ಇನ್ನೊಬ್ಬರದು ಎರಡು ಚೀಲ ಬಿಳೆಗೋಟು. ನಮ್ಮ ಜಿಲ್ಲೆಯ ಅಡಿಕೆ ವ್ಯಾಪಾರದಲ್ಲಿ ಬೆಳೆಗಾರನ ಮಾಲು ಅವನ ಹೆಸರಿನಲ್ಲೇ ರಾಶಿಯಾಗಿ, ಅವನ ಹೆಸರಿನಲ್ಲೇ ಟೆಂಡರಿಗೆ ಬೀಳುತ್ತದೆ. ಚೆನ್ನಾಗಿ ಸುಲಿದು, ಬೇಯಿಸಿ, ಆರಿಸಿದವನಿಗೆ ಅದರ ದರ ಸಿಗುವುದು ಈ ಪದ್ಧತಿಯಿಂದಲೇ. ಎಲಿವೇಟರಿನ ತಳದಲ್ಲಿ ಪ್ರತಿ ಸಲ ಒಂದಷ್ಟು ಮಾಲು ಉಳಿಯುತ್ತದೆ. ಅದು ಮುಂದಿನವರ ಚೀಲಕ್ಕೆ ಹೋಗುತ್ತದೆ. ಹಲವು ವರ್ಷಗಳ ಹಿಂದೆ ಒಂದು ಕಡೆ ನಮ್ಮ ಮೆಣಸನ್ನು ಯಂತ್ರದಲ್ಲಿ ಶುದ್ಧಮಾಡಲು ಕೊಟ್ಟಿದ್ದೆವು. ಮರಳಿ ಬಂದ ಚೀಲದಲ್ಲಿ ಕಾಫಿಬೀಜ ಸಿಕ್ಕವು. ನಕ್ಕು ಸುಮ್ಮನಾದೆವು. ಕೊಂಡವರು ನಗಲಿಲ್ಲ.

ಪ್ರತಿ ಮನೆಯ ಮಾಲಿನ ನಂತರ ಯಂತ್ರ ನಿಲ್ಲಿಸಿ ತಳ ತೆಗೆದು ಗುಡಿಸಬಹುದು. ನಾಲ್ಕು ಚೀಲಕ್ಕೆ ಒಮ್ಮೆ ಗುಡಿಸುವುದಾದರೆ ಕೈಯಿಂದ ತುಂಬುವುದೇ ಬೇಗ. ಕಾಫಿಯಲ್ಲಿ ಹಿಂದೆ ಈ ಪ್ರಶ್ನೆ ಇರಲಿಲ್ಲ. ಕಾಫಿ ಮಂಡಳಿಯ ಪೂಲ್ ಪದ್ಧತಿಯಲ್ಲಿ ಎಲ್ಲರ ಕಾಫಿಯೂ ಒಂದೇ ಕಣಜಕ್ಕೆ ಬೀಳುತ್ತಿತ್ತು, ಬೆಳೆಗಾರನಿಗೆ ಪಾಯಿಂಟಿನ ಲೆಕ್ಕದಲ್ಲಿ ಹಣ ಬರುತ್ತಿತ್ತು. 1996ರಲ್ಲಿ ಅದು ಪೂರ್ತಿಯಾಗಿ ನಿಂತ ಮೇಲೆ ಕಾಫಿಯಲ್ಲೂ ಅವರವರ ಮಾಲು ಅವರವರದಾಯಿತು. ಆದ್ದರಿಂದ ಯಂತ್ರಸಾಲು ಬೇಕೆಂದರೆ ಮೊದಲು ಮಾಲನ್ನು ಒಟ್ಟುಗೂಡಿಸಲು ಒಪ್ಪಬೇಕು, ದರ್ಜೆ ಕಟ್ಟುವವರ ಮೇಲೆ ನಂಬಿಕೆ ಇಡಬೇಕು. ಇದು ಆಡಳಿತ ಮಂಡಳಿಯೊಂದೇ ತೀರ್ಮಾನಿಸುವ ವಿಷಯವಲ್ಲ.

ಹಾಗೆಂದು ಹಮಾಲರ ಬೆನ್ನನ್ನು ಮರೆಯುವಂತಿಲ್ಲ. ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ರಫ್ತಿನ ಕಾಫಿ ಚೀಲವೇ 60 ಕಿಲೋದ್ದು. ಬೆನ್ನು ಮುರಿಯುವುದು ತುಂಬುವ ಕೆಲಸದಲ್ಲಲ್ಲ, ಎತ್ತುವ ಹಾಗೂ ಅಟ್ಟಿ ಒಟ್ಟುವ ಕೆಲಸದಲ್ಲಿ. ಅಲ್ಲಿ ಮಾಲು ಬೆರಕೆಯಾಗುವ ಭಯವಿಲ್ಲ, ಏಕೆಂದರೆ ಚೀಲದ ಬಾಯಿ ಆಗಲೇ ಹೊಲಿದಿರುತ್ತದೆ. ಆದುದರಿಂದ ನಮ್ಮ ಅಭಿಪ್ರಾಯ ಹೀಗಿದೆ: ಲಾರಿಯ ಎತ್ತರಕ್ಕೆ ಚೀಲ ಒಯ್ಯುವ, ಚಕ್ರವಿರುವ ಓರೆ ಬೆಲ್ಟು ಮೊದಲು ಬರಲಿ. ಜೊತೆಗೆ ನೆಲಮಟ್ಟದ ವಿದ್ಯುನ್ಮಾನ ತಕ್ಕಡಿ, ಕೈಯಲ್ಲಿ ಹಿಡಿಯುವ ಹೊಲಿಗೆ ಯಂತ್ರ. ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ತಪ್ಪದೆ ಬೀಳಬೇಕು. ಸೂಪಾದಲ್ಲಿ ಕಾಳಿಗೆ ಅಣೆ ಕಟ್ಟಿ ನಾಡಿಗೆಲ್ಲ ವಿದ್ಯುತ್ ಕೊಟ್ಟ ತಾಲೂಕು ನಮ್ಮದು. ಆದರೂ ನಮ್ಮಲ್ಲಿ ಕರೆಂಟು ಹೋಗುವುದು ಎಲ್ಲರಿಗೂ ತಿಳಿದದ್ದೇ, ಒಂದು ಜನರೇಟರಿನ ಖರ್ಚನ್ನೂ ಸೇರಿಸಿಕೊಳ್ಳಬೇಕು.

ಹಾಪರ್, ಎಲಿವೇಟರ್, ತೂಕದ ಪೆಟ್ಟಿಗೆಯ ಮಾತು ಕಾಫಿಗೆ ಮಾತ್ರ, ಅದೂ ಒಟ್ಟುಗೂಡಿಸಿ ಮಾರಲು ಒಪ್ಪುವ ಸದಸ್ಯರ ಮಾಲಿಗೆ ಮಾತ್ರ. ಒಪ್ಪುವವರು ಎಷ್ಟು ಚೀಲ ಕೊಡಬಲ್ಲರೆಂದು ಕೊಯ್ಲು ಶುರುವಾಗುವ ಮೊದಲು ಕಚೇರಿಯಲ್ಲಿ ಬರೆಸಬೇಕು. ಆ ಲೆಕ್ಕ ನೋಡಿದ ಮೇಲೆಯೇ ಯಂತ್ರದವರಿಂದ ದರಪಟ್ಟಿ ತರಿಸುತ್ತೇವೆ.