ಕಟ್ಟಿಗೆಯ ಲೆಕ್ಕ, ಮರದ ಲೆಕ್ಕ

ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿರುವ ಮೂರು ಬಾವೋಬಾಬ್ ಮರಗಳು ಹಾವೇರಿ ಜಿಲ್ಲೆಯವರಿಗೆ ಹೊಸದಲ್ಲ. ಆಫ್ರಿಕಾ ಮೂಲದ ಈ ದೈತ್ಯಗಳನ್ನು ಊರವರು ದೊಡ್ಡ ಹುಣಸೆ ಎಂದೇ ಕರೆಯುತ್ತಾರೆ. 2023ರ ಜುಲೈ ಮಳೆಗೆ ಅವುಗಳಲ್ಲೊಂದು ಬುಡಸಮೇತ ಉರುಳಿತು. ಬಿದ್ದ ಮರದ ಹತ್ತಿರ ಮೊದಲು ಬರುವುದು ಸಾಮಾನ್ಯವಾಗಿ ಗರಗಸ. ಸವಣೂರಿನಲ್ಲಿ ಹಾಗಾಗಲಿಲ್ಲ. ಕೊಂಬೆ ಸವರಿ ಭಾರ ಇಳಿಸಿ, ಕ್ರೇನ್ ತರಿಸಿ, ಮರವನ್ನು ಎತ್ತಿ ಮತ್ತೆ ನೆಟ್ಟರು. ಅದು ಚಿಗುರಿತು.

ಇದೇ ಜಿಲ್ಲೆಯಲ್ಲಿ ಮನೆ ಹಿತ್ತಲಿನ ಬೇವೋ ಹುಣಸೆಯೋ ವಾಲಿದರೆ ಯಾರನ್ನು ಕರೆಯಬೇಕು? ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಕಡೆ ಉತ್ತರ ಒಂದೇ: ಕಟ್ಟಿಗೆ ಅಡ್ಡಾದವರನ್ನು. ಅವರು ಬಂದು ಮರವನ್ನೊಮ್ಮೆ ಸುತ್ತಿ ಹೇಳುವ ಮಾತೂ ಬಹುತೇಕ ಒಂದೇ. “ಬುಡಕ್ಕ ತಗದಬಿಡೂಣ್ರೀ ಯಜಮಾನ್ರ. ಕಟ್ಟಿಗಿ ನಮಗ ಬಿಟ್ರ ಕೂಲಿ ಕೊಡೂದು ಬ್ಯಾಡ.” ಒಣಕೊಂಬೆ ಮಾತ್ರ ತೆಗೆಯಿರಿ ಎಂದರೆ ಕೂಲಿ ಕೊಡಬೇಕು. ಇಡೀ ಮರ ಕಡಿಸಿದರೆ ಪುಕ್ಕಟೆ, ಜಾತಿ ಮರವಾದರೆ ಕೈಗೆ ನಾಲ್ಕು ಕಾಸೂ ಬರುತ್ತದೆ. ಉಳಿಸುವುದು ಖರ್ಚು, ಕಡಿಯುವುದು ಗಳಿಕೆ. ನಮ್ಮ ಊರುಗಳಲ್ಲಿ ಮನೆಮರದ ಹಣೆಬರಹ ತೀರ್ಮಾನವಾಗುವುದು ಈ ಲೆಕ್ಕದ ಮೇಲೆ.

ಲೆಕ್ಕ ಮೊದಲಿನಿಂದಲೂ ಹೀಗಿರಲಿಲ್ಲ. ನೇಗಿಲು, ಕುಂಟೆ, ಬಂಡಿಗೆ ಜಾಲಿ ಬೇಕಿತ್ತು, ಆಡುಗಳಿಗೆ ತಪ್ಪಲು ಬೇಕಿತ್ತು, ಒಲೆಗೆ ಪುಳ್ಳೆ ಬೇಕಿತ್ತು. ಮರ ಏರುವವನು ವರ್ಷವರ್ಷವೂ ಬೇಕಾದಷ್ಟು ಸವರಿ ಇಳಿಯುತ್ತಿದ್ದ. ಬುಡಕ್ಕೆ ಕೊಡಲಿ ಹಾಕಿದರೆ ಮುಂದಿನ ವರ್ಷದ ತಪ್ಪಲು ಎಲ್ಲಿಂದ ಬರಬೇಕು? ಒಲೆಯ ಜಾಗಕ್ಕೆ ಗ್ಯಾಸ್, ಬಂಡಿಯ ಜಾಗಕ್ಕೆ ಟ್ರ್ಯಾಕ್ಟರ್ ಬಂದಮೇಲೆ ಹಿತ್ತಲಿನ ಮರಕ್ಕೆ ಕಸುಬಿನ ನಂಟು ಕಡಿಯಿತು. ಉಳಿದದ್ದು ಎಲೆ ಉದುರುವ ತಕರಾರು, ಗೋಡೆ ಬಿರುಕಿನ ಭಯ.

ಮರವನ್ನು ಟನ್ನಿನಲ್ಲಿ ಅಳೆಯುವುದನ್ನು ದೊಡ್ಡ ಪ್ರಮಾಣದಲ್ಲಿ ಕಲಿಸಿದ್ದು ಕಾರ್ಖಾನೆ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಶುರುವಾದದ್ದು 1972ರಲ್ಲಿ. ಅದರ ತಿರುಳಿಗೆ ನೀಲಗಿರಿ ಬೇಕಿತ್ತು. 1984ರಲ್ಲಿ ಸರ್ಕಾರದ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಹುಟ್ಟಿತು. ಹಳ್ಳಿಗರು ದನ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ಜಮೀನು ನೀಲಗಿರಿ ತೋಪಿಗೆ ಹೋಗತೊಡಗಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಸಸಿ ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂಬ ಹೆಸರಿನ ಆ ಸತ್ಯಾಗ್ರಹದ ಹಿಂದೆ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯವಿತ್ತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1990ರ ದಶಕದ ಆರಂಭದಲ್ಲಿ ಕರ್ನಾಟಕ ಪಲ್ಪ್‌ವುಡ್ ಬಾಗಿಲು ಹಾಕಿತು. ಯಾವ ಮರ, ಯಾರಿಗಾಗಿ ಎಂದು ಈ ಸೀಮೆ ಗಟ್ಟಿಯಾಗಿ ಕೇಳಿದ್ದು ಆಗ. ಆದರೆ ಆ ಪ್ರಶ್ನೆ ಸಾಮೂಹಿಕ ಭೂಮಿಯಲ್ಲೇ ನಿಂತಿತು, ಮನೆಯ ಕಂಪೌಂಡಿನೊಳಗೆ ಬರಲಿಲ್ಲ.

ಕಂಪೌಂಡಿನೊಳಗೆ ಬಂದದ್ದು ಕಾನೂನು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಹಿತ್ತಲಿನ ಮರವಾದರೂ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸರ್ವೆ, ಸುಬಾಬುಲ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ಬೇವು, ಹುಣಸೆಗೆ ಅನುಮತಿ ಪಡೆಯಲೇಬೇಕು. ಒಣಗಿದ, ರೋಗ ತಗುಲಿದ, ಗಾಳಿಗೆ ಉರುಳಿದ, ಜೀವಕ್ಕೋ ಆಸ್ತಿಗೋ ಅಪಾಯ ಒಡ್ಡುವ ಮರಕ್ಕೆ ಅನುಮತಿ ಕೊಡಲು ಕಾಯ್ದೆಯಲ್ಲೇ ದಾರಿ ಇದೆ. ಕಡಿದವರು ಬದಲಿ ಗಿಡ ನೆಡಬೇಕೆಂದೂ ಹೇಳಿದೆ. ಆದರೆ ಕಾಯ್ದೆ ಕೇಳುವುದು ಕಡಿಯಬಹುದೇ ಬಾರದೇ ಎಂದು. ಉಳಿದ ಮರವನ್ನು ಹೇಗೆ ನೋಡಿಕೊಳ್ಳಬೇಕು ಎಂಬುದು ಅರ್ಜಿಯಲ್ಲಿಲ್ಲ. ಇನ್ನು ತಂತಿಗೆ ತಾಗುವ ಕೊಂಬೆಗಳನ್ನು ಮಳೆಗಾಲಕ್ಕೆ ಮುಂಚೆ ಹೆಸ್ಕಾಂನವರು ಸವರುತ್ತಾರೆ. ಅವರು ಕಾಯುವುದು ತಂತಿಯನ್ನು. ಹೀಗೆ ಅಡ್ಡಾದವರು ಕಟ್ಟಿಗೆ ನೋಡಿದರು, ಇಲಾಖೆ ಅರ್ಜಿ ನೋಡಿತು, ಲೈನ್‌ಮನ್ ತಂತಿ ನೋಡಿದ. ಮರವನ್ನು ನೋಡುವವರು ಯಾರೂ ಉಳಿಯಲಿಲ್ಲ.

ಬೇರೆ ಕಡೆ ಅದೇ ಒಂದು ವೃತ್ತಿಯಾಗಿ ಬೆಳೆಯಿತು. ಅಮೆರಿಕದ ಓಹಾಯೊದಲ್ಲಿ ಜಾನ್ ಡೇವಿ 1901ರಲ್ಲಿ ‘ದಿ ಟ್ರೀ ಡಾಕ್ಟರ್’ ಪುಸ್ತಕ ಪ್ರಕಟಿಸಿ, ಮರದ ಆರೈಕೆಗೂ ಜನ ದುಡ್ಡು ಕೊಡುತ್ತಾರೆಂದು ತೋರಿಸಿದ. ಅರ್ಬರಿಸ್ಟ್, ಅಂದರೆ ಮರದ ಆರೈಕೆಗಾರನ ಕಸುಬಿಗೆ ಶಾಸ್ತ್ರದ ಬುನಾದಿ ಹಾಕಿದವನು ಅಲೆಕ್ಸ್ ಶೈಗೊ. ಗರಗಸ ಯಂತ್ರ ಹಿಡಿದು, ಶೈಗೊ ಮರಗಳನ್ನು ಅಡ್ಡಕ್ಕೆ ಕೊಯ್ಯದೆ ಉದ್ದಕ್ಕೆ ಸೀಳಿ ನೋಡಿದ. ಮರ ನಮ್ಮ ಚರ್ಮದ ಹಾಗೆ ಗಾಯ ಮಾಯಿಸಿಕೊಳ್ಳುವುದಿಲ್ಲ. ಗಾಯದ ಸುತ್ತ ಒಳಗೇ ಗೋಡೆ ಕಟ್ಟಿಕೊಂಡು ಕೊಳೆತವನ್ನು ಅಲ್ಲಿಗೇ ತಡೆಯುತ್ತದೆ ಎಂಬ ಅವನ ವಿವರಣೆ 1977ರಲ್ಲಿ ಪ್ರಕಟವಾಯಿತು. ಬೆಂಗಳೂರಿನಲ್ಲಿ ‘ವೃಕ್ಷ ವೈದ್ಯ’ ಎಂದು ಹೆಸರಾದ ವಿಜಯ್ ನಿಶಾಂತ್‌ರಂಥವರ ಕೆಲಸದಿಂದ ಈ ಕಸುಬಿನ ಪರಿಚಯ ಇಲ್ಲಿಯೂ ಆಗಿದೆ.

ಶೈಗೊ ಕಂಡದ್ದನ್ನು ಹಿತ್ತಲಿನ ಬೇವಿಗೆ ಅನ್ವಯಿಸಿ ನೋಡಿ. ತೊಡೆಗಾತ್ರದ ಕೊಂಬೆ ಚಾವಣಿಯ ಮೇಲೆ ಬಾಗಿದೆ ಎನ್ನಿ. ಕಾಂಡದ ಪಕ್ಕದಲ್ಲೇ ಮೇಲಿನಿಂದ ಒಂದೇ ಏಟಿಗೆ ಕೊಯ್ದರೆ, ಕೊಂಬೆ ತನ್ನ ಭಾರಕ್ಕೆ ಮುರಿದು ಕಾಂಡದ ತೊಗಟೆಯನ್ನು ಮೊಳದುದ್ದ ಸಿಗಿದುಕೊಂಡೇ ಬೀಳುತ್ತದೆ. ಬಲ್ಲವರು ಮೂರು ಸಲ ಕೊಯ್ಯುತ್ತಾರೆ. ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಮೂರನೇ ಒಂದು ಭಾಗದಷ್ಟು. ಅದಕ್ಕಿಂತ ತುಸು ಆಚೆ ಮೇಲಿನಿಂದ ಪೂರ್ತಿ. ಹಗ್ಗ ಬಿಗಿದ ಕೊಂಬೆ ನಿಧಾನಕ್ಕೆ ಇಳಿಯುತ್ತದೆ. ಕೊನೆಗೆ ಉಳಿದ ಮೋಟನ್ನು, ಕೊಂಬೆಯ ಬುಡದಲ್ಲಿ ಬಳೆಯಂತೆ ಉಬ್ಬಿದ ಭಾಗಕ್ಕೆ ಗಾಯವಾಗದಂತೆ, ಅದರ ಹೊರಗೆ. ಒಳಗೆ ಗೋಡೆ ಕಟ್ಟುವ ಶಕ್ತಿ ಆ ಉಬ್ಬಿನಲ್ಲಿದೆ. ಕೊಯ್ದ ಜಾಗಕ್ಕೆ ಡಾಂಬರು, ಬಣ್ಣ ಬಳಿದರೆ ಕೊಳೆತ ನಿಲ್ಲುವುದಿಲ್ಲ.

ತಲೆ ಬೋಳಿಸುವುದು ಇದಕ್ಕಿಂತ ಕೆಟ್ಟದ್ದು. ನೆತ್ತಿ ಕಡಿದ ಮರ ಹಸಿವಿಗೆ ಗೊಂಚಲು ಗೊಂಚಲಾಗಿ ಚಿಗುರುತ್ತದೆ. ಆ ಚಿಗುರು ತೊಗಟೆಯ ಅಂಚಿಗೆ ಅಂಟಿಕೊಂಡಷ್ಟೇ ಬೆಳೆದು, ನಾಲ್ಕಾರು ವರ್ಷಕ್ಕೆ ಭಾರವಾಗಿ, ಗಾಳಿಗೆ ಮುರಿಯುತ್ತದೆ. ಅಪಾಯ ತಪ್ಪಿಸಲು ಮಾಡಿದ ಕೆಲಸವೇ ಅಪಾಯ ತರುತ್ತದೆ. ಈಚಿನ ವರ್ಷಗಳಲ್ಲಿ ಬೇವಿನ ತುದಿಗಳು ಸುಟ್ಟಂತೆ ಒಣಗುತ್ತಿರುವುದನ್ನು ಎಲ್ಲರೂ ನೋಡಿದ್ದೀರಿ. ಫೋಮಾಪ್ಸಿಸ್ ಎಂಬ ಶಿಲೀಂಧ್ರ ಅದರ ಮುಖ್ಯ ಕಾರಣ. ಸತ್ತಂತೆ ಕಂಡ ಬೇವು ಎಷ್ಟೋ ಸಲ ಮುಂದಿನ ಯುಗಾದಿಗೆ ಚಿಗುರುತ್ತದೆ. ಅಷ್ಟರೊಳಗೆ ಅಡ್ಡಾದವರು ಬಂದುಹೋಗಿರುತ್ತಾರೆ.

ಕಡಿಯಲೇಬೇಕಾದ ಮರಗಳೂ ಇವೆ. ಬುಡದಲ್ಲಿ ಅಣಬೆ ಎದ್ದಿದ್ದರೆ, ವಾಲಿದ ಮರದ ಹಿಂದೆ ನೆಲ ಬಾಯಿಬಿಟ್ಟಿದ್ದರೆ, ಕಂಪೌಂಡ್ ಪಾಯ ತೆಗೆಯುವಾಗ ದೊಡ್ಡ ಬೇರು ತುಂಡಾಗಿದ್ದರೆ ತಡ ಮಾಡಬಾರದು. ಆಗ ಅರಣ್ಯ ಇಲಾಖೆಗೆ ಫೋಟೊ ಸಮೇತ ಅರ್ಜಿ ಕೊಡಿ. ತಂತಿ ಹತ್ತಿರವಿದ್ದರೆ ಹೆಸ್ಕಾಂನವರು ಲೈನ್ ಬಂದ್ ಮಾಡದೆ ಯಾರನ್ನೂ ಮರ ಹತ್ತಿಸಬೇಡಿ.

ಸವಣೂರಿನ ಮರ ಹೆಸರುವಾಸಿಯಾದದ್ದರಿಂದ ಕ್ರೇನ್ ಬಂತು. ಮನೆಮರಕ್ಕೆ ಕ್ರೇನ್ ಬೇಕಿಲ್ಲ, ಲೆಕ್ಕ ಬದಲಾದರೆ ಸಾಕು. ಮರ ಏರಬಲ್ಲ, ಹಗ್ಗ ಬಿಗಿಯಬಲ್ಲ ಆಳುಗಳು ಮೂರೂ ಊರಲ್ಲಿದ್ದಾರೆ. ಅವರಿಗಿಲ್ಲದ್ದು ತರಬೇತಿ, ಹೆಲ್ಮೆಟ್ಟು, ಸೊಂಟದ ಬೆಲ್ಟು, ವಿಮೆ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ, ಅರಣ್ಯ ಇಲಾಖೆ, ನಗರಸಭೆ, ಪುರಸಭೆಗಳು ಕೈಜೋಡಿಸಿದರೆ ಕೆಲವು ದಿನಗಳ ಶಿಬಿರದಲ್ಲಿ ಇದನ್ನು ಶುರುಮಾಡಬಹುದು. ಅಲ್ಲಿಯವರೆಗೆ ಮನೆಯವರು ಮಾಡಬೇಕಾದದ್ದು ಒಂದೇ: ಕಟ್ಟಿಗೆಯನ್ನು ಕೂಲಿಯಾಗಿ ಕೊಡಬೇಡಿ. ಕೂಲಿಯನ್ನು ದುಡ್ಡಿನಲ್ಲೇ ಕೊಡಿ, ಯಾವ ಕೊಂಬೆ, ಎಲ್ಲಿ, ಎಷ್ಟು ಎಂದು ಮೊದಲೇ ಗುರುತು ಹಾಕಿಸಿ, ಕಟ್ಟಿಗೆಯ ಮಾತು ಕೆಲಸ ಮುಗಿದ ಮೇಲೆ ಆಡಿ.