ಬಳೆ ಬಿಗಿಯಾದಾಗ



ಅಡಿಕೆ ಸುಲಿಯುವ ದಿನಗಳಲ್ಲಿ ಒಂದು ಮನೆಗೆ ಹೋಗಿದ್ದೆವು. ಆ ಮನೆಯ ತಾಯಿ ಎಡಗೈಯನ್ನು ಸೆರಗಿನೊಳಗೆ ಅಡಗಿಸಿಕೊಂಡೇ ಮಾತಾಡಿದರು. ಎರಡು ವರ್ಷಗಳ ಹಿಂದೆ ಅವರಿಗೆ ಸ್ತನ ಕ್ಯಾನ್ಸರಿನ ಆಪರೇಷನ್ ಆಗಿತ್ತು. ಈಗ ಕೈ ಬಾತು ಬಳೆ ಏರುತ್ತಿರಲಿಲ್ಲ. ರೋಗ ಮರಳಿತೆಂದು ಹೆದರಿ ಆರು ತಿಂಗಳು ಯಾರಿಗೂ ಹೇಳಿರಲಿಲ್ಲ.

ಪರೀಕ್ಷೆಯಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಅದು ಲಿಂಫೆಡಿಮಾ, ಅಂದರೆ ದುಗ್ಧರಸದ ಬಾವು. ತೋಟದ ಕಣಿ ಮುಚ್ಚಿದರೆ ಅಡಿಕೆ ಮರದ ಬುಡದಲ್ಲಿ ನೀರು ನಿಲ್ಲುವುದಿಲ್ಲವೇ? ಹಾಗೆಯೇ ಆಪರೇಷನ್‌ನಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆದಾಗ, ಅಥವಾ ಅಲ್ಲಿಗೆ ರೇಡಿಯೇಷನ್ ಕೊಟ್ಟಾಗ, ಕೈಯಿಂದ ರಸ ಹರಿದುಹೋಗುವ ದಾರಿ ಕೆಡುತ್ತದೆ. ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆಸಿಕೊಂಡವರಲ್ಲಿ ಸುಮಾರು ಐವರಿಗೆ ಒಬ್ಬರಂತೆ ಈ ಬಾವು ಬರುತ್ತದೆ. ಕೆಲವರಿಗೆ ತಿಂಗಳುಗಳಲ್ಲಿ, ಕೆಲವರಿಗೆ ವರ್ಷಗಳಾದ ಮೇಲೆ.

ಮೂತ್ರ ಹೋಗುವ ಮಾತ್ರೆ ನುಂಗಿ ಇದನ್ನು ಇಳಿಸಲಾಗದು. ನೀರು ಹೋದರೂ ಅದರಲ್ಲಿರುವ ಪ್ರೋಟೀನು ಅಲ್ಲೇ ಉಳಿಯುತ್ತದೆ. ಬಟ್ಟೆಯನ್ನೋ ದಾರವನ್ನೋ ಬಿಗಿಯಾಗಿ ಕಟ್ಟುವುದಂತೂ ಕೆಟ್ಟದ್ದು. ತರಬೇತಾದವರು ಚರ್ಮವನ್ನು ಮೃದುವಾಗಿ ನೀವಿ ರಸವನ್ನು ಬೇರೆ ದಾರಿಗೆ ತಿರುಗಿಸುತ್ತಾರೆ. ಬೆರಳಿನಿಂದ ಮೇಲಕ್ಕೆ ಪದರಪದರವಾಗಿ ಬ್ಯಾಂಡೇಜು ಸುತ್ತುತ್ತಾರೆ, ವ್ಯಾಯಾಮ ಕಲಿಸುತ್ತಾರೆ. ಕೆಲವು ವಾರಗಳಲ್ಲಿ ಬಾವು ಇಳಿದ ಮೇಲೆ ಅಳತೆಗೆ ಹೊಲಿದ ಒತ್ತುತೋಳನ್ನು ಹಗಲು ಧರಿಸಬೇಕು. ಪೂರ್ಣ ವಾಸಿಯಾಗದು, ಆದರೆ ಹತೋಟಿಯಲ್ಲಿರುತ್ತದೆ. ಕೈ ಗಟ್ಟಿಯಾಗುವ ಮೊದಲೇ ಹೋದರೆ ಫಲ ಹೆಚ್ಚು.

ನಮ್ಮ ಕಾಸರಗೋಡಿನವರು ಇದಕ್ಕಾಗಿ ದೂರ ಅಲೆಯಬೇಕಾಗಿಲ್ಲ. ಇಲ್ಲಿ 1999ರಲ್ಲಿ ಆರಂಭವಾದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಆನೆಕಾಲಿನ ಬಾವಿಗೆ ಆಧುನಿಕ ವೈದ್ಯ, ಆಯುರ್ವೇದ, ಯೋಗ ಮೂರನ್ನೂ ಜೋಡಿಸಿ ಚಿಕಿತ್ಸೆ ನೀಡುತ್ತಾ ಹೆಸರು ಮಾಡಿದೆ. ಕ್ಯಾನ್ಸರ್ ಡಾಕ್ಟರರನ್ನು ಮೊದಲು ಕಂಡು, ಅವರ ಚೀಟಿಯೊಂದಿಗೆ ವಿಚಾರಿಸಿರಿ.

ಕೃಷಿಕರ ಮನೆಯಲ್ಲಿ ಗಾಯದ್ದೇ ದೊಡ್ಡ ಭಯ. ಹುಲ್ಲು ಕೊಯ್ಯುವಾಗ, ಗೊಬ್ಬರ ಮುಟ್ಟುವಾಗ ಕೈಚೀಲ ಹಾಕಿರಿ. ಸಣ್ಣ ಗೀರನ್ನೂ ಸಾಬೂನಿನಿಂದ ತೊಳೆಯಿರಿ. ಕೈ ಕೆಂಪಾಗಿ ಬಿಸಿಯೇರಿ ಚಳಿಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಓಡಿರಿ, ನಾಳೆಗೆ ಬಿಡಬೇಡಿರಿ. ಹಾಗೆಂದು ಕೈಯನ್ನು ಮಡಿಲಲ್ಲಿಟ್ಟು ಕೂರುವುದೂ ಬೇಡ. ಕಲಿಸಿದವರ ಮಾತಿನಂತೆ ಸ್ವಲ್ಪಸ್ವಲ್ಪವೇ ಭಾರ ಎತ್ತಿದರೆ ಬಾವು ಹೆಚ್ಚುವುದಿಲ್ಲವೆಂದು 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.

ಆ ತಾಯಿ ಮೊನ್ನೆ ಒತ್ತುತೋಳು ಹಾಕಿಕೊಂಡೇ ಅಡಿಕೆ ಹೆಕ್ಕುತ್ತಿದ್ದರು. ಸೆರಗು ಅದರ ಜಾಗದಲ್ಲಿತ್ತು.